ಕಾಲು ನೆಲಕ್ಕೆ ತಾಗುವ ಕುರ್ಚಿ

ನನ್ನ ಎತ್ತರ ನಾಲ್ಕು ಅಡಿ ಹತ್ತು ಇಂಚು. ಈಗ ಹೇಳಹೊರಟಿರುವುದಕ್ಕೆಲ್ಲ ಅದೇ ಮೂಲ, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ.

ಪಿರಿಯಾಪಟ್ಟಣದ ಒಂದು ರೈತರ ಸಹಕಾರ ಸಂಘದಲ್ಲಿ ಇಪ್ಪತ್ತೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮನೆ ಹುಣಸೂರಿನಲ್ಲಿ. ಬೆಳಿಗ್ಗೆ ಎಂಟೂವರೆಯ ಬಸ್ಸು, ಸಂಜೆ ಐದೂಮುಕ್ಕಾಲಿನ ಬಸ್ಸು. ಸೇರಿದಾಗ ಕಚೇರಿಯಲ್ಲಿ ಕಂಪ್ಯೂಟರ್ ಇರಲಿಲ್ಲ. ಅದು ಬಂದಮೇಲೆ ಕಲಿತವಳು ನಾನೊಬ್ಬಳೇ ಆದ್ದರಿಂದ ಅದರ ಮುಂದೆ ಕೂರುವ ಕೆಲಸವೆಲ್ಲ ನನ್ನದಾಯಿತು. ಸೇರಿದ ದಿನವೇ ಕೂರಲು ಕೊಟ್ಟದ್ದು ಹಿಂದಿನ ಕಾರ್ಯದರ್ಶಿಗಳು ಬಿಟ್ಟುಹೋದ ತಿರುಗುವ ಕುರ್ಚಿ. ಅವರು ಆರಡಿ ಆಳು. ಕುರ್ಚಿಯನ್ನು ತಗ್ಗಿಸುವ ಹಿಡಿ ನಾನು ಬರುವ ಮುಂಚೆಯೇ ಮುರಿದಿತ್ತು. ಅದರ ಮೇಲೆ ನಾನು ಹದಿನಾರು ವರ್ಷ ಕೂತೆ. ಕೂರುವುದೂ ಒಂದು ಕೆಲಸ, ಅದನ್ನೂ ಸರಿಯಾಗಿ ಮಾಡಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ.

ಐದು ವರ್ಷದ ಹಿಂದೆ, ಹೊಗೆಸೊಪ್ಪಿನ ಹರಾಜು ಶುರುವಾದ ಕಾಲ. ಆ ತಿಂಗಳುಗಳಲ್ಲಿ ಊರಿಗೆ ಊರೇ ಪಿರಿಯಾಪಟ್ಟಣದ ಕಡೆ ಹರಿದು ಬರುತ್ತದೆ. ಹರಾಜಿಗೆ ಬಂದವರು ಒಂದೇ ಓಡಾಟದಲ್ಲಿ ಎಲ್ಲ ಮುಗಿಸಿಕೊಳ್ಳೋಣ ಎಂದು ನಮ್ಮ ಕಚೇರಿಗೂ ಬರುತ್ತಾರೆ. ಬೆಳಿಗ್ಗೆ ಹತ್ತಕ್ಕೇ ಬಾಗಿಲಲ್ಲಿ ಸಾಲು. ಅಂದು ಮಧ್ಯಾಹ್ನ ಒಬ್ಬ ಅಜ್ಜನಿಗೆ ಸದಸ್ಯತ್ವದ ಪತ್ರ ಮುದ್ರಿಸಿ, ಕೊಡಲೆಂದು ಎದ್ದೆ. ಅರ್ಧ ಎದ್ದೆ, ಅಷ್ಟೆ. ಸೊಂಟದಲ್ಲಿ ಏನೋ ಛಳಕ್ಕೆಂದಿತು. ನೇರವಾಗಲೂ ಆಗಲಿಲ್ಲ, ಮತ್ತೆ ಕೂರಲೂ ಆಗಲಿಲ್ಲ. ಮೇಜಿನ ಅಂಚು ಹಿಡಿದು, ಪತ್ರವನ್ನು ಮುಂದೆ ಚಾಚಿ, ಬಾಗಿಕೊಂಡೇ ನಿಂತಿದ್ದೆ. ಮುಂದೆ ಮೂವತ್ತು ಜನ ಗಂಡಸರು ನೋಡುತ್ತಿದ್ದಾರೆ.

ಅಜ್ಜ ಪತ್ರ ಇಸಿದುಕೊಂಡು, "ಯಾಕವ್ವಾ, ಈಟ್ ವಯಸ್ಗೇ ನಡಾ ಇಡ್ಕತಾ? ನಾವು ಸೊಪ್ಪು ಮುರಿಯೋರು, ನಮ್ಗೆ ಇಡ್ಕಬೇಕಿತ್ತು. ನೀನು ಕೂತ್ಕಂಡ್ ಕೆಲ್ಸ ಮಾಡೋಳು" ಎಂದ. ಕುಹಕವಲ್ಲ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

ನಮ್ಮ ಕಚೇರಿಯ ಅಟೆಂಡರ್ ಅಕ್ಕ ಬಾಗಿಲ ಹತ್ತಿರ ನಿಂತಿದ್ದವರು ಓಡಿಬಂದರು. ನನಗಿಂತ ಆರೇಳು ವರ್ಷ ದೊಡ್ಡವರು. ಎಚ್.ಡಿ. ಕೋಟೆಯ ಅಂತರಸಂತೆ ಕಡೆಯಿಂದ ಮದುವೆಯಾಗಿ ಬಂದವರು. ತೋಳಿಗೆ ತೋಳು ಕೊಟ್ಟು, ನನ್ನನ್ನು ನಿಧಾನವಾಗಿ ಹಿಂದಿನ ಗೋದಾಮಿಗೆ ನಡೆಸಿಕೊಂಡು ಹೋಗಿ, ಗೊಬ್ಬರದ ಮೂಟೆಗಳ ಮೇಲೆ ತಮ್ಮ ಹಳೆಯ ಸೀರೆ ಹಾಸಿ ಮಲಗಿಸಿದರು. ಯೂರಿಯಾದ ವಾಸನೆಯಲ್ಲಿ ಎರಡು ಗಂಟೆ ತಾರಸಿ ನೋಡುತ್ತ ಮಲಗಿದ್ದೆ. ಅತ್ತದ್ದು ನೋವಿಗಲ್ಲ. ಹೊರಗೆ ಸಾಲು ಹಾಗೇ ನಿಂತಿತ್ತು, ನನ್ನ ಕೆಲಸವನ್ನು ಮಾಡುವವರು ಇನ್ನೊಬ್ಬರು ಇರಲಿಲ್ಲ, ಅದಕ್ಕೆ.

ಮೈಸೂರಿನಲ್ಲಿ ಡಾಕ್ಟರಿಗೆ ತೋರಿಸಿದೆ. ಎಕ್ಸ್‌ರೇ ಆಯಿತು, ಮಾತ್ರೆ ಆಯಿತು. ಮೂಳೆಗೇನೂ ಆಗಿಲ್ಲ, ವ್ಯಾಯಾಮ ಮಾಡಿ ಎಂದು ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿದ್ದದ್ದು ನನ್ನ ತಂಗಿಯ ವಯಸ್ಸಿನ ಹೆಣ್ಣುಮಗಳು. ಎಲ್ಲರೂ ಕೇಳಿದ ಪ್ರಶ್ನೆಗಳನ್ನು ಅವಳು ಕೇಳಲಿಲ್ಲ.

"ಆಫೀಸಲ್ಲಿ ಕೂತಾಗ ನಿಮ್ಮ ಪಾದ ನೆಲಕ್ಕೆ ತಾಗುತ್ತಾ?" ಎಂದಳು.

ಹದಿನಾರು ವರ್ಷ ಕೂತ ಕುರ್ಚಿ. ನನ್ನ ಪಾದ ಎಲ್ಲಿರುತ್ತದೆ ಎಂದು ನನಗೇ ಗೊತ್ತಿಲ್ಲ.

ಮಾರನೆಯ ದಿನ ಕಚೇರಿಗೆ ಹೋಗಿ ನೋಡಿಕೊಂಡೆ. ಪಾದಗಳು ಗಾಳಿಯಲ್ಲಿದ್ದವು. ಸೋತಾಗ ಒಂದನ್ನು ಕುರ್ಚಿಯ ಗಾಲಿಯ ಮೇಲೆ ಇಡುತ್ತಿದ್ದೆ, ಇನ್ನೊಂದನ್ನು ಅದರ ಮೇಲೆ ಹೆಣೆಯುತ್ತಿದ್ದೆ. ಹಾಗೆ ಕೂತರೆ ಬೆನ್ನು ಒರಗಿಗೆ ಸಿಗುವುದಿಲ್ಲ, ಮೈಯೆಲ್ಲ ಮುಂದಕ್ಕೆ ಜಾರುತ್ತದೆ. ಮೇಜಿನ ಕಡೆಗೆ ನೇತುಹಾಕಿದ ಚೀಲದಂತೆ ನಾನು ಹದಿನಾರು ವರ್ಷ ಕೂತಿದ್ದೆ.

ಇಷ್ಟರಲ್ಲಿ ಸುದ್ದಿ ಸಂಘದ ಅಧ್ಯಕ್ಷರಿಗೆ ಮುಟ್ಟಿತು. ಅವರು ಹಳೆಯ ಕಾಲದ ದೊಡ್ಡ ಮನಸ್ಸಿನ ಮನುಷ್ಯ. ವಾರ ಕಳೆಯುವಷ್ಟರಲ್ಲಿ ಗೂಡ್ಸ್ ಆಟೋದಲ್ಲಿ ಒಂದು ಕುರ್ಚಿ ಬಂದಿಳಿಯಿತು. ಕರಿ ರೆಕ್ಸಿನ್ನು, ತಲೆಗೂ ದಿಂಬು, ಎರಡೂ ಕಡೆ ಹೊಳೆಯುವ ಕೈ. ಸಿನಿಮಾದಲ್ಲಿ ಸಾಹುಕಾರರು ತಿರುಗಿಸಿಕೊಂಡು ಕೂರುತ್ತಾರಲ್ಲ, ಅಂಥದ್ದು. ಅಧ್ಯಕ್ಷರೇ ನಿಂತು ಪ್ಲಾಸ್ಟಿಕ್ ಹಾಳೆ ಬಿಚ್ಚಿಸಿ, "ಕೂತ್ಕೊ ಕಣವ್ವ. ಇನ್ಮ್ಯಾಕೆ ನಿನ್ ನಡಾ ನೋಯ್ತು ಅನ್ನಂಗಿಲ್ಲ" ಎಂದರು. ಕೂತೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅದರೊಳಗೆ ನಾನು ಮುಳುಗಿಹೋದೆ. ಒರಗಿಕೊಂಡರೆ ಕಾಲು ಮುಂದಕ್ಕೆ ಚಾಚಿಕೊಳ್ಳುತ್ತದೆ, ಕಾಲು ಮಡಿಸಿದರೆ ಬೆನ್ನಿನ ಹಿಂದೆ ಒಂದು ಗೇಣು ಖಾಲಿ. ತಲೆಯ ದಿಂಬು ನನ್ನ ನೆತ್ತಿಗೆ ಬರುತ್ತಿತ್ತು, ಕತ್ತನ್ನು ಮುಂದಕ್ಕೆ ತಳ್ಳುತ್ತಿತ್ತು. ಹೊಳೆಯುವ ಕೈಗಳು ಮೇಜಿಗೆ ತಗುಲಿ ಕುರ್ಚಿ ಹತ್ತಿರ ಬರುತ್ತಿರಲಿಲ್ಲ. ಆದರೂ ಎರಡು ತಿಂಗಳು ಸುಮ್ಮನಿದ್ದೆ. ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನುವುದು ಹೇಗೆ? ಅಧ್ಯಕ್ಷರು ಬಂದಾಗಲೆಲ್ಲ "ಎಂಗದೆ ಕುರ್ಚಿ?" ಎನ್ನುತ್ತಿದ್ದರು. ನಾನು "ಚೆನ್ನಾಗಿದೆ ಸಾರ್" ಎನ್ನುತ್ತಿದ್ದೆ. ನೋವು ಸೊಂಟದಿಂದ ಕತ್ತಿಗೆ ಏರಿತು.

ದಿಂಬು ಒಂದಿದ್ದರೆ ಸರಿಹೋದೀತು ಅನ್ನಿಸಿ ಒಂದು ಸಂಜೆ ಹುಣಸೂರಿನಲ್ಲಿ ಬಸ್ಸಿಳಿದವಳು ಕುಶನ್ ಸಾಬರ ಅಂಗಡಿಗೆ ಹೋದೆ. ಅವರ ಅಂಗಡಿ ನಾನು ದಿನವೂ ನಡೆಯುವ ದಾರಿಯಲ್ಲೇ ಇದೆ. ಆಟೋ ಸೀಟು, ಬಸ್ಸಿನ ಸೀಟು, ಸೋಫಾ, ಎಲ್ಲ ಹೊಲಿಯುತ್ತಾರೆ. ಅರವತ್ತು ದಾಟಿದ ಮನುಷ್ಯ, ಬಾಯಲ್ಲಿ ಸದಾ ಎರಡು ಸಣ್ಣ ಮೊಳೆ. ಮಾತಾಡಬೇಕಾದರೆ ಮೊಳೆಗಳನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಹಾಗಾಗಿ ಅವರದು ಕಡಿಮೆ ಮಾತು.

"ಸಾಬ್ರೆ, ಬೆನ್ನಿಗೊಂದು, ಕೆಳಗೊಂದು ದಿಂಬು ಬೇಕಿತ್ತು" ಎಂದೆ.

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಮೊಳೆ ತೆಗೆದು, "ಯಾವ ಕುರ್ಚಿಗೆ?" ಎಂದರು. ವಿವರಿಸಿದೆ.

"ಕೆಳಗೆ ದಿಂಬು ಹಾಕಿದ್ರೆ ನೀವು ಇನ್ನೂ ಮೇಲಕ್ಕೆ ಹೋಗ್ತೀರಿ ಮೇಡಂ. ಕಾಲು ಇನ್ನೂ ನೇತಾಡ್ತದೆ. ದಿಂಬು ನಾನು ಕೊಡಲ್ಲ."

"ಮಾರೋ ವಸ್ತು ಕೊಡಲ್ಲ ಅಂದ್ರೆ?"

"ನಾಳೆ ನೀವು ಬಂದು ಸಾಬ್ರ ದಿಂಬಿಂದ ನೋವು ಜಾಸ್ತಿ ಆಯ್ತು ಅಂತೀರಿ. ಯಾಕೆ ಬೇಕು ನಂಗೆ ಅದು?"

ಒಳಗೆ ತಿರುಗಿ "ಟೇಪ್ ಲೇಕೊ ಆವ್" ಎಂದು ಕೂಗಿದರು. ಅವರ ಹೆಂಡತಿ ಕೊರಳಿಗೆ ಟೇಪು ಹಾಕಿಕೊಂಡೇ ಬಂದರು. ಅಂಗಡಿಯ ಹಿಂಭಾಗದಲ್ಲಿ ಹೊಲಿಗೆ ಯಂತ್ರ ಅವರದೇ. ನನ್ನನ್ನು ಒಂದು ಮರದ ಮಣೆಯ ಮೇಲೆ ಕೂರಿಸಿ, ಅದರ ಕೆಳಗೆ ಒಂದೊಂದೇ ಹಲಗೆ ಸೇರಿಸುತ್ತ, ತೆಗೆಯುತ್ತ ಹೋದರು. ನನ್ನ ಎರಡೂ ಪಾದ ನೆಲಕ್ಕೆ ಪೂರ್ತಿ ಕೂತು, ತೊಡೆ ನೆಲಕ್ಕೆ ಸಮವಾದಾಗ ನಿಲ್ಲಿಸಿದರು. ಹೆಂಡತಿ ಅಳತೆ ಹಿಡಿದರು, ಗಂಡ ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬರೆದರು. ಹಿಮ್ಮಡಿಯಿಂದ ಮಂಡಿಯ ಹಿಂಬದಿಗೆ ಎಷ್ಟು, ಬೆನ್ನಿನಿಂದ ಮಂಡಿಗೆ ಎಷ್ಟು, ಮಣೆಯಿಂದ ಮೊಣಕೈಗೆ ಎಷ್ಟು. ರವಿಕೆಗೆ ಅಳತೆ ಕೊಟ್ಟಿದ್ದೆ, ಚಪ್ಪಲಿಗೆ ಕೊಟ್ಟಿದ್ದೆ. ಕೂರುವುದಕ್ಕೆ ಅಳತೆ ಕೊಟ್ಟದ್ದು ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಅದೇ ಮೊದಲು.

"ಮಂಡಿ ಹಿಂದೆ ಮೂರು ಬೆರಳು ಹೋಗೋಷ್ಟು ಜಾಗ ಬಿಡ್ಬೇಕು. ಸೀಟು ಅಲ್ಲೀತನಕ ಬಂದ್ರೆ ರಕ್ತ ಓಡಲ್ಲ, ಕಾಲು ಊದ್ತದೆ" ಎಂದರು ಸಾಬರು. "ಆಸರೆ ಬೇಕಾಗಿರೋದು ಇಲ್ಲಿ" ಎಂದು ತಮ್ಮ ನಡುವಿನ ಹಿಂದೆ, ಸೊಂಟಪಟ್ಟಿಗಿಂತ ಸ್ವಲ್ಪ ಮೇಲೆ ಕೈ ಇಟ್ಟು ತೋರಿಸಿದರು. "ಭುಜಕ್ಕಲ್ಲ, ತಲೆಗಲ್ಲ. ಆಮೇಲೆ ಕೈ. ಮೊಣಕೈ ಇಟ್ರೆ ಭುಜ ಮೇಲಕ್ಕೆ ಏಳ್ಬಾರ್ದು. ಎದ್ರೆ ಆ ಕುರ್ಚಿ ಬ್ಯಾಡ."

"ಹಾಗಾದರೆ ನೀವೇ ಒಂದು ಮಾಡಿಕೊಡಿ."

"ನಾನು ಹೊಲಿಯೋನು. ಮೇಲೆ ಕೆಳಗೆ ಹೋಗೋ ಕುರ್ಚಿ ಕಂಪನಿದೇ ತಗೋಬೇಕು. ಅಂಗಡೀಲಿ ತೀರಾ ಗಿಡ್ಡಕ್ಕೆ ಇಳಿಯೋದು ಕೇಳಿ. ಇಡೋದಿಲ್ಲ, ಕೇಳಿದ್ರೆ ತರಿಸ್ತಾರೆ. ಒಂದು ಮಾತು, ಕೂತು ನೋಡ್ದೆ ತಗೋಬೇಡಿ. ಎರಡು ನಿಮಿಷ ಅಲ್ಲ, ಅರ್ಧ ಗಂಟೆ. ಯಾವ ಕುರ್ಚಿನಾದ್ರೂ ಎರಡು ನಿಮಿಷಕ್ಕೆ ಚೆನ್ನಾಗೇ ಇರ್ತದೆ."

ಅಳತೆಯನ್ನು ಒಂದು ಚೀಟಿಗೆ ಇಳಿಸಿಕೊಂಡು ಎದ್ದೆ. ಇಷ್ಟಕ್ಕೆ ಏನು ಕೊಡಲಿ ಎಂದರೆ ಇಬ್ಬರೂ ನಕ್ಕರು. ಸಾಬರು ಮೊಳೆಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡರು.

ಆ ಚೀಟಿ ಕೈಯಲ್ಲಿದ್ದದ್ದೇ ನನ್ನ ಧೈರ್ಯ. ಅದುವರೆಗೆ ನನ್ನದು ಬರೀ ನೋವು, ಯಾರು ಬೇಕಾದರೂ 'ಎಲ್ಲರಿಗೂ ಇರ್ತದೆ ಬುಡು' ಅನ್ನಬಹುದಿತ್ತು. ಈಗ ನನ್ನ ಹತ್ತಿರ ಇಂಚುಗಳಿದ್ದವು. ಮುಂದಿನ ಸೋಮವಾರ ಅಧ್ಯಕ್ಷರು ಬಂದು "ಎಂಗದೆ ಕುರ್ಚಿ?" ಎಂದಾಗ, "ಚೆನ್ನಾಗಿದೆ ಸಾರ್. ಆದರೆ ನನಗಲ್ಲ, ನಿಮಗೆ" ಎಂದೆ.

ಅವರ ಮುಖ ಸಣ್ಣದಾಯಿತು. ನಾನು ಎದ್ದು, "ನೀವೇ ಒಂದು ಸಲ ಕೂತ್ಕೊಳ್ಳಿ" ಎಂದೆ. ಕೂತರು. ಐದಡಿ ಹತ್ತು ಇಂಚಿನ ಆಳು, ಆ ಕುರ್ಚಿ ಅವರಿಗೆಂದೇ ಹೊಲಿದಂತಿತ್ತು. ತಲೆ ದಿಂಬಿಗೆ ಬಂತು, ಕಾಲು ನೆಲಕ್ಕೆ ಬಂತು. ನಾನು ಪಕ್ಕದಲ್ಲಿ ಒಂದು ಮೋಟು ಬೆಂಚು ಎಳೆದುಕೊಂಡು ಕೂತು, ನನ್ನ ಕಾಲು ಹೇಗೆ ನೆಲಕ್ಕೆ ತಾಗುತ್ತದೆ ತೋರಿಸಿ, ಚೀಟಿ ಓದಿದೆ. ಅವರು ಗಮನವಿಟ್ಟು ಕೇಳಿದರು. ಎತ್ತಿಗೆ ನೊಗ ಕಟ್ಟಿ ಉತ್ತವರು, ಅಳತೆಯ ಮಾತು ಅವರಿಗೆ ಬೇಗ ಅರ್ಥವಾಯಿತು.

"ಗಿಡ್ಡೆತ್ತಿಗೆ ದೊಡ್ಡೆತ್ತಿನ ನೊಗ ಇಟ್ಟಂಗಾಯ್ತು ಅನ್ನು" ಎಂದರು. ಆಮೇಲೆ, "ನೀನು ಎಲ್ಡ್ ತಿಂಗ್ಳಿಂದ ಚೆನ್ನಾಗದೆ ಅಂತಿದ್ಯಲ್ಲ?"

"ನಿಮಗೆ ಬೇಜಾರಾಗುತ್ತೆ ಅಂತ."

"ನನ್ ಬೇಜಾರು ಒಂದ್ ದಿನ ಇರ್ತದೆ. ನಿನ್ ನಡಾ ದಿನಾ ಬೇಕಲ್ವಾ? ಓಗ್ಲಿ ಬುಡು. ಈ ಸಲ ಆಫೀಸ್ಗೆಲ್ಲಾ ಒಸ ಕುರ್ಚಿ ತರ್ಬೇಕು ಅಂತ ಮೀಟಿಂಗ್ನಾಗೆ ಮಾತಾಗದೆ. ನೀನೇ ಓಗಿ ಆರ್ಸ್ಕಂಡ್ ಬಾ."

ಆ ಕರಿ ಕುರ್ಚಿ ಅಧ್ಯಕ್ಷರ ಕೋಣೆಗೆ ಹೋಯಿತು.

ಆರಿಸುವುದಕ್ಕೆ ಒಪ್ಪಿದೆ. ಒಂದು ಷರತ್ತು ಹಾಕಿದೆ. ಯಾರು ಕೂರುತ್ತಾರೋ ಅವರೇ ಬಂದು ಕೂತು ನೋಡಬೇಕು. ಬೇರೆಯವರ ಬೆನ್ನಿಗೆ ನಾನು ಕುರ್ಚಿ ಆರಿಸುವುದಿಲ್ಲ. ಈಗಿನ ಕಾರ್ಯದರ್ಶಿಗಳು ಪಟ್ಟಿ ಬರೆದರು. ಅವರು, ನಾನು, ಕ್ಯಾಷಿಯರ್. ಮೂರು.

"ನಾಲ್ಕು ಸಾರ್. ಅಟೆಂಡರ್ ಅಕ್ಕ" ಎಂದೆ.

ಕಾರ್ಯದರ್ಶಿಗಳು ಕೆಟ್ಟವರಲ್ಲ, ನಿಯಮದ ಮನುಷ್ಯ. "ಆಯಮ್ಮನಿಗೆ ಸ್ಟೂಲ್ ಇದೆಯಲ್ಲ ಮೇಡಂ" ಎಂದರು.

"ಆ ಸ್ಟೂಲಿನ ಮೇಲೆ ಅವರು ಕೂತಿದ್ದನ್ನು ನೀವು ಯಾವತ್ತಾದರೂ ನೋಡಿದ್ದೀರಾ?"

ಅವರು ತಿರುಗಿ ನೋಡಿದರು. ಸ್ಟೂಲಿನ ಮೇಲೆ ನೀರಿನ ಕ್ಯಾನ್ ಇತ್ತು. ವರ್ಷಗಳಿಂದ ಅಲ್ಲೇ ಇತ್ತು. ಅದರ ಪಕ್ಕದಲ್ಲಿ ಗೋಡೆಗೆ ಒಂದು ಕಾಲು ಕೊಟ್ಟು ಅಕ್ಕ ನಿಂತಿದ್ದರು. ಬಾಗಿಲ ಹತ್ತಿರ ಗೋಡೆಯ ಆ ಜಾಗದಲ್ಲಿ ಸುಣ್ಣ ಸವೆದು ಒಂದು ಕಲೆಯಾಗಿತ್ತು. ಕಾರ್ಯದರ್ಶಿಗಳು ಪೆನ್ನು ತೆಗೆದರು. ಪಟ್ಟಿಯಲ್ಲಿ ಮೂರನ್ನು ಹೊಡೆದು ನಾಲ್ಕು ಮಾಡಿದರು.

ಒಪ್ಪದವರು ಅಕ್ಕನೇ. "ನಂಗ್ಯಾಕವ್ವಾ ಕುರ್ಚಿ? ಬಂದೋರು ಏನಂತಾರೆ? ನಾನು ಕೂತ್ಕಂಡು ನೀರ್ ಕೊಡಕಾದದಾ?"

"ಮೈಸೂರಿಗೆ ಸುಮ್ಮನೆ ಬನ್ನಿ ಅಕ್ಕ. ಕೂರೋದು ಬಿಡೋದು ಆಮೇಲೆ" ಎಂದು ಹೊರಡಿಸಿದೆ.

ಒಂದು ಶನಿವಾರ ನಾವು ನಾಲ್ವರೂ ಬಸ್ಸು ಹತ್ತಿದೆವು. ಮೈಸೂರಿನ ಅಂಗಡಿ ತಂಪಾಗಿತ್ತು, ಗಾಜಿನ ಗೋಡೆ, ಸಾಲು ಸಾಲು ಕುರ್ಚಿ. ಟೈ ಕಟ್ಟಿದ್ದ ಸೇಲ್ಸ್‌ನವರು ನಮ್ಮನ್ನು ನೇರವಾಗಿ ಅತ್ಯಂತ ದೊಡ್ಡ ಕುರ್ಚಿಗಳ ಬಳಿ ಕರೆದೊಯ್ದರು. ನಾನು ಚೀಟಿ ತೆಗೆದೆ, ಬ್ಯಾಗಿನಿಂದ ಟೇಪು ತೆಗೆದೆ. ಆಮೇಲೆ ಕಚೇರಿಯ ಹಳೆಯ ಕೀಬೋರ್ಡು ತೆಗೆದು ಅವರ ಮೇಜಿನ ಮೇಲಿಟ್ಟೆ.

"ಇದು ಯಾಕೆ ಮೇಡಂ?"

"ನಾವು ಕೂತು ಸುಮ್ಮನೆ ಇರೋದಿಲ್ಲ, ಕೆಲಸ ಮಾಡ್ತೀವಿ. ಕೆಲಸ ಮಾಡುವಾಗ ಹೇಗಿರುತ್ತೆ ನೋಡಬೇಕು. ಒಬ್ಬೊಬ್ಬರಿಗೆ ಅರ್ಧ ಗಂಟೆ."

ಅವರ ನಗು ಸ್ವಲ್ಪ ಬಿಗಿಯಾಯಿತು. ಆದರೂ ಒಳ್ಳೆಯವರು, ಬೇಡ ಅನ್ನಲಿಲ್ಲ.

ಆ ದಿನ ನಾನು ಕಲಿತದ್ದು ಬಹಳ. ಕ್ಯಾಷಿಯರ್ ಸ್ಥೂಲ ದೇಹದವರು. ಅವರಿಗೆ ಬೇಕಾದ ಕುರ್ಚಿಗೆ ಕೈ ಇರಬಾರದು, ಇದ್ದರೂ ಅಗಲಕ್ಕೆ ಸರಿಯಬೇಕು. ಇಷ್ಟು ವರ್ಷ ಕುರ್ಚಿಯ ಕೈಗಳು ತಮ್ಮ ತೊಡೆಯನ್ನು ಒತ್ತುತ್ತಿದ್ದವು ಎಂದು ಅವರು ಮೊದಲ ಸಲ ಬಾಯಿಬಿಟ್ಟು ಹೇಳಿದರು. "ನಾಚಿಕೆಗೆ ಹೇಳ್ಲಿಲ್ಲ ಕಣ್ರೀ" ಎಂದರು. ಉದ್ದ ಕಾಲಿನ ಕಾರ್ಯದರ್ಶಿಗಳಿಗೆ ಸೀಟು ಆಳವಿರಬೇಕಿತ್ತು. ನನಗೆ ಅದೇ ಸೀಟು ಮಂಡಿಯ ಹಿಂಭಾಗವನ್ನು ಕೊಯ್ಯುತ್ತಿತ್ತು. ಅತ್ಯಂತ ಬೆಲೆಯ ಕುರ್ಚಿ ನಮ್ಮಲ್ಲಿ ಯಾರಿಗೂ ಆಗಲಿಲ್ಲ. ಮೆತ್ತಗಿದ್ದದ್ದೆಲ್ಲ ಒಳ್ಳೆಯದಲ್ಲ ಎಂಬುದೂ ಗೊತ್ತಾಯಿತು. ಮೊದಲು ಮೈಯನ್ನು ಅಪ್ಪಿಕೊಂಡಂತಿದ್ದ ಒಂದು ಕುರ್ಚಿಯಲ್ಲಿ ಇಪ್ಪತ್ತು ನಿಮಿಷಕ್ಕೆ ನಾನು ಹಳ್ಳಕ್ಕೆ ಬಿದ್ದಂತಾಗಿ ಎದ್ದೆ.

ಕೊನೆಗೆ ಮೂಲೆಯಲ್ಲಿದ್ದ, ಬಲೆಯಂಥ ಬಟ್ಟೆಯ ಬೆನ್ನಿನ ಒಂದು ಸಾದಾ ಕುರ್ಚಿ. ಬೆನ್ನಿನ ಆಸರೆಯನ್ನು ಮೇಲೆ ಕೆಳಗೆ ಸರಿಸಬಹುದು, ಸೀಟನ್ನು ಹಿಂದೆ ಮುಂದೆ ತಳ್ಳಬಹುದು. ಎತ್ತರ ಮಾತ್ರ ಎರಡು ಇಂಚು ಹೆಚ್ಚು. "ಇನ್ನೂ ಗಿಡ್ಡಕ್ಕೆ ಇಳಿಯೋದು ಬರುತ್ತಲ್ಲ, ಅದು ತರಿಸಿ" ಎಂದೆ. ಸೇಲ್ಸ್‌ನವರು ಇಲ್ಲ ಎನ್ನಲು ಹೊರಟವರು, ಯಾರಿಗೋ ಫೋನ್ ಮಾಡಿ ಬಂದು, "ಬರುತ್ತೆ ಮೇಡಂ, ಹತ್ತು ದಿನ. ನನಗೇ ಗೊತ್ತಿರಲಿಲ್ಲ" ಎಂದರು. ಸದ್ಯಕ್ಕೆ ಕೂತು ನೋಡಲು ಕಾಲ ಕೆಳಗೆ ಅಂಗಡಿಯ ಎರಡು ಪುಸ್ತಕ ಇಟ್ಟು ಅರ್ಧ ಗಂಟೆ ಕೂತೆ. ಟೈಪು ಮಾಡಿದೆ. ನನ್ನ ಬೆನ್ನು ಎಲ್ಲಿದೆ ಎಂಬುದೇ ಮರೆತುಹೋಗಿತ್ತು. ಅಕ್ಕ ಬಂದು "ಎದ್ದೇಳಿ ಮೇಡಮ್ಮೋರೆ, ಅರ್ಧ ಗಂಟೆ ಆಯ್ತು" ಎಂದಾಗ ಇನ್ನೈದು ನಿಮಿಷ ಎಂದೆ.

ಅಕ್ಕ ಅದುವರೆಗೂ ನಿಂತೇ ಇದ್ದರು. ಅಷ್ಟು ಕುರ್ಚಿಗಳ ನಡುವೆ ಎರಡು ಗಂಟೆ ನಿಂತಿದ್ದರು.

"ಈಗ ನೀವು" ಎಂದೆ.

"ಬ್ಯಾಡಿ."

ಸೇಲ್ಸ್‌ನವರೇ ಒಂದು ತಿರುಗುವ ಕುರ್ಚಿ ಎಳೆದು "ಕೂತ್ಕೊಳ್ಳಿ ಅಮ್ಮ" ಎಂದರು. ಅಪರಿಚಿತರು ಕರೆದರು ಎಂಬ ಸಂಕೋಚಕ್ಕೆ ಅಕ್ಕ ತುದಿಯಲ್ಲಿ ಕೂತರು. ಕೂತದ್ದೇ ಅದು ಹಿಂದಕ್ಕೆ ಉರುಳಿತು. "ಅಯ್ಯಯ್ಯೋ!" ಎಂದು ಕಿರುಚಿ ಎದ್ದುನಿಂತವರು, ನಗುತ್ತ, ಏದುಸಿರು ಬಿಡುತ್ತ, "ಇದು ಓಡೋಯ್ತದೆ ಕಣವ್ವ. ನಂಗೆ ನಿಂತಿರೋ ಕುರ್ಚಿ ಬೇಕು" ಎಂದರು.

ಬೇಕು ಎಂದರು. ನಾನು ಆ ಮಾತನ್ನು ಹಿಡಿದುಕೊಂಡೆ. "ಇನ್ನೇನು ಬೇಕು ಅಕ್ಕ?"

ಅವರು ಸ್ವಲ್ಪ ಯೋಚಿಸಿದರು. ಆಮೇಲೆ ಒಂದೇ ಉಸಿರಿಗೆ ಹೇಳಿದರು. "ನಾಕ್ ಕಾಲಿರ್ಬೇಕು. ಗಟ್ಟಿ ಕೈ ಇರ್ಬೇಕು, ಊರ್ಕಂಡ್ ಎದ್ದೇಳಕೆ. ನನ್ ಮಂಡಿ ಬಗ್ಗಾಕಿಲ್ಲ, ಅದ್ಕೆ ತೀರಾ ತಗ್ಗಾಗಿರಬಾರ್ದು. ಬೆನ್ನು ನೆಟ್ಟಗಿದ್ರೆ ಸಾಕು, ಮಲಿಕ್ಕಳಕೆ ಬಂದಿಲ್ಲ ನಾನು. ಒಗೆಯೋ ಬಟ್ಟೆ ಇರ್ಬಾರ್ದು, ಒರ್ಸಿದ್ರೆ ಓಗೋ ಅಂಗಿರ್ಬೇಕು."

ನಮ್ಮ ಮೂವರಿಗೂ ಟೇಪು, ಚೀಟಿ, ಅರ್ಧರ್ಧ ಗಂಟೆ ಬೇಕಾಗಿತ್ತು. ಮೂವತ್ತು ವರ್ಷ ನಿಂತವರಿಗೆ ತಮಗೆ ಎಂಥ ಕುರ್ಚಿ ಬೇಕು ಎಂದು ಸ್ಪಷ್ಟವಾಗಿ ಗೊತ್ತಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೆ. ಅಂಥದ್ದೇ ಒಂದು ಸಿಕ್ಕಿತು. ಅಕ್ಕ ಕೂತರು, ಕೈ ಊರಿ ಎದ್ದರು, ಮತ್ತೆ ಕೂತರು. ಐದಾರು ಸಲ ಕೂತು ಎದ್ದು, "ಇದೇ" ಎಂದರು. ಕಾರ್ಯದರ್ಶಿಗಳು ಮುಖ ಆಚೆ ತಿರುಗಿಸಿ ಕನ್ನಡಕ ಒರೆಸಿಕೊಂಡದ್ದನ್ನು ನಾನು ನೋಡಿದೆ. ನೋಡಿದೆ ಎಂದು ಅವರಿಗೆ ಇಂದಿಗೂ ಹೇಳಿಲ್ಲ.

ಕುರ್ಚಿಗಳು ಬಂದವು. ಮೊದಲ ವಾರ ಅಕ್ಕ ತಮ್ಮ ಕುರ್ಚಿಯ ಪಕ್ಕದಲ್ಲೇ ನಿಂತರು, ಅದನ್ನು ಕಾಯುವವರ ಹಾಗೆ. ಎರಡನೆಯ ವಾರ ಮಧ್ಯಾಹ್ನ ಊಟದ ಹೊತ್ತಿಗೆ ಕೂತರು. ಮೂರನೆಯ ವಾರದಿಂದ ಸಾಲು ಕಡಿಮೆಯಾದಾಗಲೆಲ್ಲ ಕೂರತೊಡಗಿದರು.

ಒಂದು ದಿನ ಸಂಘದ ನಿರ್ದೇಶಕರೊಬ್ಬರು ಒಳಗೆ ಬಂದರು. ಖಾದಿ ಅಂಗಿ, ಏರಿದ ದನಿ. ಬಾಗಿಲಲ್ಲಿ ಕೂತಿದ್ದ ಅಕ್ಕನನ್ನು ನೋಡಿ, "ಏನವ್ವ, ಡೈರೆಕ್ಟ್ರು ಬಂದ್ರೆ ಎದ್ದೇಳಾದೂ ಮರ್ತೋಯ್ತಾ? ಕುರ್ಚಿ ಬಂದ್ಮ್ಯಾಕೆ ದೊಡ್ಡೋಳಾಗೋದಾ?" ಎಂದರು.

ನಾನು ನನ್ನ ಕುರ್ಚಿಯಿಂದ ಏಳಲು ಹೊರಟೆ, ಏನು ಹೇಳಬೇಕೆಂಬುದೂ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅಕ್ಕನೇ, ಎರಡೂ ಕೈಯನ್ನು ಕುರ್ಚಿಯ ಕೈಗಳ ಮೇಲೆ ಊರಿ, ಅವಸರವಿಲ್ಲದೆ, ಏಳುತ್ತಲೇ ಹೇಳಿದರು.

"ಎದ್ದೇಳಕೆ ಅಂತ್ಲೇ ಕೈ ಇರೋ ಕುರ್ಚಿ ತಗಂಡಿವ್ನಿ ಸಾಮಿ. ಏಳ್ತಾವ್ನಿ, ವಸಿ ತಡೀರಿ. ನನ್ ಮಂಡಿಗೂ ನಿಮ್ ಮಂಡಿಯಷ್ಟೇ ವಯಸ್ಸಾಗದೆ."

ಸಾಲಿನಲ್ಲಿದ್ದ ಒಬ್ಬ ರೈತ ಕಿಸಕ್ಕೆಂದ. ಅವನ ಹಿಂದೆ ಇನ್ನೊಬ್ಬ. ನಿರ್ದೇಶಕರು ಒಂದು ಕ್ಷಣ ಕೆಂಪಾದರು, ಆಮೇಲೆ ಅವರಿಗೇ ನಗು ಬಂತು. ಅವರಿಗೂ ಮಂಡಿನೋವು, ಊರಿಗೆಲ್ಲ ಗೊತ್ತು. ಅಕ್ಕ ಎದ್ದು ನೀರು ತಂದುಕೊಟ್ಟರು. ಕುಡಿದು ಲೋಟ ವಾಪಸು ಕೊಡುವಾಗ ಅವರು, "ಎಲ್ಲಿ ಸಿಕ್ತದೆ ಇಂತಾದ್ದು?" ಎಂದು ಕೇಳಿದರು. ಅಕ್ಕ ನನ್ನ ಕಡೆ ಕೈ ತೋರಿದರು. "ಅವ್ರನ್ನ ಕೇಳಿ. ನೀವೇ ಓಗಿ ಕೂತ್ ನೋಡ್ಬೇಕು ಅಂತಾರೆ."

ನನ್ನ ನೋವು ಒಂದೇ ದಿನಕ್ಕೆ ಹೋಗಲಿಲ್ಲ. ಗಂಟೆಗೊಮ್ಮೆ ಎದ್ದು ಗೋದಾಮಿನವರೆಗೆ ನಡೆದು ಬರುವುದು, ಫಿಸಿಯೋಥೆರಪಿಯವಳು ಹೇಳಿದ ವ್ಯಾಯಾಮ, ಇವೂ ಸೇರಿ ಐದಾರು ತಿಂಗಳು ಬೇಕಾಯಿತು. ಎಷ್ಟು ಒಳ್ಳೆಯ ಕುರ್ಚಿಯಾದರೂ ಇಡೀ ದಿನ ಅದರಲ್ಲೇ ಕೂತರೆ ಅದು ಕೆಟ್ಟ ಕುರ್ಚಿಯೇ. ಆದರೆ ಮುಂದಿನ ವರ್ಷದ ಹರಾಜಿನ ಕಾಲದಲ್ಲಿ ಒಂದು ದಿನವೂ ರಜೆ ಹಾಕಲಿಲ್ಲ.

ಆಮೇಲೆ ಜನ ನನ್ನನ್ನು ಕೇಳಿಕೊಂಡು ಬರತೊಡಗಿದರು. ಬೈಲಕುಪ್ಪೆಯಲ್ಲಿ ಸ್ವೆಟರ್ ಅಂಗಡಿ ಇಟ್ಟಿರುವ ಟಿಬೆಟಿನ ಹೆಂಗಸೊಬ್ಬರು ದಿನವಿಡೀ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಕಾಲು ಊದಿಸಿಕೊಂಡಿದ್ದರು. ಅವರ ಹತ್ತಿರ ಬಟ್ಟೆ ಕೊಳ್ಳಲು ಹೋದವಳು, ಮಾತಿಗೆ ಮಾತು ಬಂದು, ಅವರ ಅಂಗಡಿಯಲ್ಲೇ ಅವರ ಮಂಡಿಯ ಅಳತೆ ತೆಗೆದುಕೊಟ್ಟು ಬಂದೆ. ಹುಣಸೂರಿನ ಇಬ್ಬರು ಮೇಷ್ಟರಿಗೆ, ನಮ್ಮ ಬೀದಿಯ ಟೈಲರಿಗೆ ಆರಿಸಿಕೊಟ್ಟೆ. ಯಾರಿಗೂ ನನ್ನದೇ ಕುರ್ಚಿ ತೆಗೆದುಕೊಳ್ಳಿ ಎಂದು ಹೇಳಿಲ್ಲ.

ಕಳೆದ ತಿಂಗಳು ಕೆ.ಆರ್. ನಗರದಿಂದ ನನ್ನ ಚಿಕ್ಕಮ್ಮನ ಸೊಸೆ ಫೋನ್ ಮಾಡಿದಳು. ಮನೆಯಲ್ಲೇ ಕೂತು ಯಾವುದೋ ಕಂಪನಿಗೆ ಲೆಕ್ಕಪತ್ರದ ಕೆಲಸ ಮಾಡುತ್ತಾಳೆ. ಈಗ ಐದು ತಿಂಗಳ ಬಸುರಿ. "ಅಕ್ಕಾ, ಫೋನಲ್ಲಿ ಒಂದು ಕುರ್ಚಿ ನೋಡಿದೀನಿ, ಫೋಟೋ ಕಳಿಸ್ತೀನಿ, ಚೆನ್ನಾಗಿದ್ಯಾ ಹೇಳಿ" ಎಂದಳು.

"ಫೋಟೋ ಬೇಡ. ಭಾನುವಾರ ನಾನೇ ಬರ್ತೀನಿ" ಎಂದೆ.

ಕೆ.ಆರ್. ನಗರದ ಎರಡು ಅಂಗಡಿ ಸುತ್ತಿದೆವು. ಮೊದಲ ಅಂಗಡಿಯಲ್ಲಿ ಒಂದೂ ಆಗಲಿಲ್ಲ. ಅವಳು ಸಂಕೋಚಪಟ್ಟು, "ಇಷ್ಟೊತ್ತು ಕೂತು ಏನೂ ತಗೊಳ್ಳದೆ ಹೋದರೆ ಅವರು ಏನಂದ್ಕೋತಾರೋ" ಎಂದಳು.

"ಅಂದ್ಕೊಳ್ಳಲಿ ಬಿಡು. ಅವರು ಈ ಕುರ್ಚಿ ಮೇಲೆ ಒಂದು ದಿನವೂ ಕೂರೋದಿಲ್ಲ, ನೀನು ವರ್ಷಗಟ್ಟಲೆ ಕೂರಬೇಕು" ಎಂದೆ.

ಎರಡನೆಯ ಅಂಗಡಿಯಲ್ಲಿ ಐದನೆಯ ಕುರ್ಚಿ. ಅವಳು ಕೂತಳು, ಪಾದವನ್ನು ನೆಲಕ್ಕೆ ಒತ್ತಿ ನೋಡಿಕೊಂಡಳು, ಮಂಡಿಯ ಹಿಂದೆ ತಾನೇ ಮೂರು ಬೆರಳು ತೂರಿಸಿದಳು. ಹೊಟ್ಟೆಯ ಮೇಲೆ ಕೈ ಇಟ್ಟು ಒರಗಿಕೊಂಡಳು. ಅಂಗಡಿಯವರು ಕುಡಿಯಲು ಮಜ್ಜಿಗೆ ತರಿಸಿದರು. ನಾನು ಗಡಿಯಾರ ನೋಡಿಕೊಂಡು, ಪಕ್ಕದಲ್ಲಿ ನನಗೆ ಒಪ್ಪುವ ಎತ್ತರದ ಒಂದು ಕುರ್ಚಿ ಎಳೆದುಕೊಂಡು, ಅರ್ಧ ಗಂಟೆ ಆರಾಮವಾಗಿ ಕೂತೆ.